ನಿದ್ರಾ ಉಸಿರುಕಟ್ಟುವಿಕೆಗೆ ಬಾಯಿಯ ಸಾಧನಗಳು

ನಿದ್ರಾ ಉಸಿರುಕಟ್ಟುವಿಕೆಗೆ ಬಾಯಿಯ ಸಾಧನಗಳು ಎಂದರೆ, ಮಲಗುವಾಗ ಹಲ್ಲುಗಳ ಮೇಲೆ ಅಥವಾ ನಾಲಗೆಗೆ ಧರಿಸಿಕೊಂಡು, ನಿದ್ರೆಯಲ್ಲಿ ಗಂಟಲಿನ ಉಸಿರುದಾರಿ ಮುಚ್ಚಿಹೋಗದಂತೆ ತಡೆಯುವ ದಂತವೈದ್ಯಕೀಯ ಉಪಕರಣಗಳು. ವೈದ್ಯರು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ ಎಂದು ಕರೆಯುವ ಕಾಯಿಲೆಗೆ ವಯಸ್ಕರಲ್ಲಿ ಬಳಸುವ ಚಿಕಿತ್ಸೆಗಳಲ್ಲಿ ಇದೂ ಒಂದು. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕೆಳದವಡೆಯನ್ನು ಕೆಲವು ಮಿಲಿಮೀಟರುಗಳಷ್ಟು ಮುಂದಕ್ಕೆ ಹಿಡಿದಿಡುವ ಸಾಧನ. ವಿದ್ಯುತ್ತಿನ ಅಗತ್ಯವಿಲ್ಲದಿರುವುದು, ಸದ್ದು ಮಾಡದಿರುವುದು ಮತ್ತು ಕಿಸೆಯಲ್ಲಿ ಒಯ್ಯುವಷ್ಟು ಚಿಕ್ಕದಾಗಿರುವುದು ಇದರ ಅನುಕೂಲಗಳು. ಇದು ಎಲ್ಲರಿಗೂ ಸಮನಾಗಿ ಫಲ ಕೊಡುವುದಿಲ್ಲ. ಸಾಧನ ಧರಿಸಿದ ಮೇಲೆ ಗೊರಕೆ ನಿಂತರೂ ಉಸಿರುಕಟ್ಟುವಿಕೆ ಮುಂದುವರಿದಿರಬಹುದು. ಆದುದರಿಂದ ಸಾಧನವನ್ನು ಹಾಕಿಕೊಳ್ಳುವ ಮೊದಲು ಮತ್ತು ಹಾಕಿಕೊಂಡು ಹೊಂದಿಸಿದ ಬಳಿಕ, ಎರಡು ಸಲವೂ ನಿದ್ರಾ ಪರೀಕ್ಷೆ ನಡೆಯುವುದು ಈ ಚಿಕಿತ್ಸೆಯ ಮುಖ್ಯ ನಿಯಮವಾಗಿದೆ.

ಈ ಲೇಖನವು ಸಾಧನಗಳ ಸ್ವರೂಪ, ಕಾರ್ಯವಿಧಾನ, ಫಲ ಮತ್ತು ಮಿತಿಗಳನ್ನು ವಿವರಿಸುತ್ತದೆ. ದೊಡ್ಡ ಆಸ್ಪತ್ರೆಗಳಿಂದ ದೂರವಿರುವ ಊರುಗಳಲ್ಲಿ ಈ ಚಿಕಿತ್ಸೆ ಹೇಗೆ ಸಾಗಬಹುದು ಎಂಬುದಕ್ಕೆ ನಿದರ್ಶನವಾಗಿ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳ ಪರಿಸ್ಥಿತಿಯನ್ನು ಪ್ರತ್ಯೇಕ ವಿಭಾಗದಲ್ಲಿ ನೀಡಲಾಗಿದೆ.

ಕಾಯಿಲೆಯ ಸ್ವರೂಪ

ಎಚ್ಚರದಲ್ಲಿರುವಾಗ ಗಂಟಲಿನ ಸುತ್ತಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರುದಾರಿಯನ್ನು ತೆರೆದಿಡುತ್ತವೆ. ನಿದ್ರೆ ಬಂದಾಗ ಈ ಸ್ನಾಯುಗಳು ಸಡಿಲಗೊಳ್ಳುತ್ತವೆ. ಅಂಗಾತ ಮಲಗಿದವರಲ್ಲಿ ಕೆಳದವಡೆಯೊಂದಿಗೆ ನಾಲಗೆಯ ಬುಡವೂ ಹಿಂದಕ್ಕೆ ಸರಿಯುತ್ತದೆ. ಮೆದು ಅಂಗುಳ ಮತ್ತು ಕಿರುನಾಲಗೆ ಕೆಳಕ್ಕೆ ಜೋಲುತ್ತವೆ. ದಾರಿ ಕಿರಿದಾದಾಗ ಗಾಳಿಯ ಒತ್ತಡಕ್ಕೆ ಈ ಮೃದು ಭಾಗಗಳು ಅದುರುವುದರಿಂದ ಗೊರಕೆ ಹುಟ್ಟುತ್ತದೆ. ದಾರಿ ಪೂರ್ಣವಾಗಿ ಮುಚ್ಚಿದರೆ ಎದೆ ಮತ್ತು ಹೊಟ್ಟೆಗಳು ಉಸಿರಿಗಾಗಿ ಶ್ರಮಿಸುತ್ತಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಇಳಿಯುತ್ತದೆ. ಆಗ ಮೆದುಳು ಕ್ಷಣಕಾಲ ಎಚ್ಚರಗೊಂಡು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ಮಲಗಿದವರು ದೊಡ್ಡ ಸದ್ದಿನೊಂದಿಗೆ ಉಸಿರೆಳೆದುಕೊಂಡು ಮತ್ತೆ ನಿದ್ರೆಗೆ ಜಾರುತ್ತಾರೆ. ಹೀಗೆ ರಾತ್ರಿಯಲ್ಲಿ ಹತ್ತಾರು, ಕೆಲವರಲ್ಲಿ ನೂರಾರು ಸಲ ನಡೆದರೂ ಬೆಳಗಾದ ಮೇಲೆ ಅವರಿಗೆ ಇದರ ನೆನಪಿರುವುದಿಲ್ಲ. ಪಕ್ಕದಲ್ಲಿ ಮಲಗಿದವರೇ ಸಾಮಾನ್ಯವಾಗಿ ಇದರ ಮೊದಲ ಸಾಕ್ಷಿಗಳು.

ಹಗಲಿನಲ್ಲಿ ತೂಕಡಿಕೆ, ಬೆಳಿಗ್ಗೆ ತಲೆನೋವು ಮತ್ತು ಬಾಯಿ ಒಣಗುವುದು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಮರೆವು, ಸಿಡುಕು ಇವು ಕಾಯಿಲೆಯ ಲಕ್ಷಣಗಳು. ಚಿಕಿತ್ಸೆಯಿಲ್ಲದೆ ಉಳಿದರೆ ಅಧಿಕ ರಕ್ತದೊತ್ತಡ, ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು ಮತ್ತು ವಾಹನ ಅಪಘಾತಗಳ ಸಂಭವ ಹೆಚ್ಚುತ್ತದೆ. ಗೊರಕೆಯನ್ನು ಗಾಢ ನಿದ್ರೆಯ ಗುರುತೆಂದು ತಿಳಿಯುವ ರೂಢಿ ನಮ್ಮ ಮನೆಗಳಲ್ಲಿ ಇರುವುದರಿಂದ ಕಾಯಿಲೆ ಬಹುಕಾಲ ಗಮನಕ್ಕೆ ಬಾರದೆ ಉಳಿಯುತ್ತದೆ.

2019ರಲ್ಲಿ ಲ್ಯಾನ್ಸೆಟ್ ಸಮೂಹದ ಶ್ವಾಸಕೋಶ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾದ ಅಂದಾಜಿನಂತೆ, ಜಗತ್ತಿನಲ್ಲಿ 30ರಿಂದ 69 ವರ್ಷದೊಳಗಿನ ಸುಮಾರು 93.6 ಕೋಟಿ ಜನರಿಗೆ ಈ ತೊಂದರೆ ಇದೆ. ಭಾರತದಲ್ಲಿ ನಡೆದ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು ವಯಸ್ಕರಲ್ಲಿ ಸುಮಾರು ಶೇಕಡ 11ರಷ್ಟು ಮಂದಿಗೆ, ಗಂಡಸರಲ್ಲಿ ಶೇಕಡ 13 ಮತ್ತು ಹೆಂಗಸರಲ್ಲಿ ಶೇಕಡ 5ರಷ್ಟು ಮಂದಿಗೆ, ಈ ಕಾಯಿಲೆ ಇದೆಯೆಂದು ಲೆಕ್ಕ ಹಾಕಿದೆ.

ತೀವ್ರತೆಯನ್ನು ಅಳೆಯುವ ಕ್ರಮ

ಸಾಧನದ ಆಯ್ಕೆಯು ಕಾಯಿಲೆಯ ತೀವ್ರತೆಯನ್ನು ಅವಲಂಬಿಸಿದೆ. ತೀವ್ರತೆಯನ್ನು ಅಳೆಯಲು ನಿದ್ರೆಯ ಒಂದು ಗಂಟೆಯಲ್ಲಿ ಉಸಿರು ಎಷ್ಟು ಸಲ ನಿಂತಿತು ಅಥವಾ ಗಮನಾರ್ಹವಾಗಿ ಕುಗ್ಗಿತು ಎಂಬುದನ್ನು ಎಣಿಸುತ್ತಾರೆ. ಕನಿಷ್ಠ 10 ಸೆಕೆಂಡುಗಳ ಕಾಲ ನಡೆದುದನ್ನು ಮಾತ್ರ ಒಂದು ಘಟನೆಯೆಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಗಂಟೆಗೆ 5ಕ್ಕಿಂತ ಕಡಿಮೆ ಘಟನೆಗಳಿದ್ದರೆ ಸಹಜ. 5ರಿಂದ 15ರೊಳಗಿದ್ದರೆ ಸೌಮ್ಯ. 15ರಿಂದ 30ರೊಳಗಿದ್ದರೆ ಮಧ್ಯಮ. 30 ಮತ್ತು ಅದಕ್ಕಿಂತ ಹೆಚ್ಚಾದರೆ ತೀವ್ರ ಎಂದು ವರ್ಗೀಕರಿಸಲಾಗಿದೆ.

ಈ ಎಣಿಕೆಗೆ ಪಾಲಿಸೋಮ್ನೋಗ್ರಫಿ ಎಂಬ ರಾತ್ರಿಪೂರ್ತಿ ಪರೀಕ್ಷೆಯು ಪ್ರಮಾಣವಾಗಿದೆ. ಇದರಲ್ಲಿ ಮೆದುಳಿನ ಅಲೆಗಳು, ಕಣ್ಣಿನ ಚಲನೆ, ಮೂಗಿನ ಗಾಳಿಯ ಹರಿವು, ಎದೆ ಮತ್ತು ಹೊಟ್ಟೆಯ ಏರಿಳಿತ, ಹೃದಯ ಬಡಿತ ಹಾಗೂ ರಕ್ತದ ಆಮ್ಲಜನಕವನ್ನು ಏಕಕಾಲಕ್ಕೆ ದಾಖಲಿಸುತ್ತಾರೆ. ಬೇರೆ ದೊಡ್ಡ ಕಾಯಿಲೆಗಳಿಲ್ಲದ, ಲಕ್ಷಣಗಳು ಸ್ಪಷ್ಟವಾಗಿರುವ ವಯಸ್ಕರಿಗೆ ಕಡಿಮೆ ತಂತಿಗಳಿರುವ ಚಿಕ್ಕ ಯಂತ್ರವನ್ನು ಮನೆಗೇ ಕೊಟ್ಟು ಪರೀಕ್ಷಿಸುವ ಕ್ರಮವೂ ಇದೆ.

ಪರೀಕ್ಷೆ ಯಾರಿಗೆ ಬೇಕು ಎಂದು ಮೊದಲೇ ಗುರುತಿಸಲು ಪ್ರಶ್ನಾವಳಿಗಳು ಬಳಕೆಯಲ್ಲಿವೆ. ಆಸ್ಟ್ರೇಲಿಯದ ಮರ್ರೇ ಜಾನ್ಸ್ 1991ರಲ್ಲಿ ಪ್ರಕಟಿಸಿದ ಎಪ್‌ವರ್ತ್ ಮಾಪಕದಲ್ಲಿ ಎಂಟು ಸಂದರ್ಭಗಳಲ್ಲಿ ತೂಕಡಿಕೆ ಬರುವ ಸಂಭವಕ್ಕೆ 0ಯಿಂದ 3ರವರೆಗೆ ಅಂಕ ಕೊಡಬೇಕು. ಒಟ್ಟು 24 ಅಂಕಗಳಲ್ಲಿ 10ಕ್ಕಿಂತ ಹೆಚ್ಚು ಬಂದರೆ ಹಗಲುನಿದ್ರೆ ಅತಿಯಾಗಿದೆ ಎಂದರ್ಥ. ಸ್ಟಾಪ್-ಬ್ಯಾಂಗ್ ಎಂಬ ಇನ್ನೊಂದು ಪ್ರಶ್ನಾವಳಿಯು ಗೊರಕೆ, ದಣಿವು, ಇತರರು ಕಂಡ ಉಸಿರುಕಟ್ಟು, ರಕ್ತದೊತ್ತಡ, ದೇಹತೂಕ, ವಯಸ್ಸು, ಕೊರಳಿನ ಸುತ್ತಳತೆ ಮತ್ತು ಲಿಂಗ ಎಂಬ ಎಂಟು ಅಂಶಗಳನ್ನು ಕೇಳುತ್ತದೆ. ಇವು ಅನುಮಾನವನ್ನು ಮೂಡಿಸುವ ಸಲಕರಣೆಗಳು. ರೋಗನಿರ್ಣಯಕ್ಕೆ ನಿದ್ರಾ ಪರೀಕ್ಷೆಯೇ ಬೇಕು.

ಸಾಧನ ಕೆಲಸ ಮಾಡುವ ಬಗೆ

ನಾಲಗೆಯ ಮುಖ್ಯ ಸ್ನಾಯು ಕೆಳದವಡೆಯ ಮುಂಭಾಗದ ಒಳಬದಿಗೆ ಅಂಟಿಕೊಂಡಿದೆ. ಆದ್ದರಿಂದ ಕೆಳದವಡೆ ಮುಂದೆ ಸರಿದರೆ ನಾಲಗೆಯ ಬುಡವೂ ಅದರೊಂದಿಗೆ ಮುಂದೆ ಬರುತ್ತದೆ. ದವಡೆಯಿಂದ ಅಂಗುಳಕ್ಕೆ ಹೋಗುವ ಮೃದು ಪೊರೆಗಳು ಬಿಗಿಯಾಗಿ, ಗಂಟಲಿನ ಪಕ್ಕದ ಗೋಡೆಗಳೂ ಹಿಗ್ಗುತ್ತವೆ. ಉಸಿರುದಾರಿಯು ಹಿಂದಿನಿಂದ ಮುಂದಕ್ಕಿಂತ ಎಡಬಲಕ್ಕೆ ಹೆಚ್ಚು ಅಗಲವಾಗುವುದು ಚಿತ್ರಣ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಪ್ರಜ್ಞೆ ತಪ್ಪಿದವರ ಉಸಿರುದಾರಿ ತೆರೆಯಲು ಪ್ರಥಮ ಚಿಕಿತ್ಸೆಯಲ್ಲಿ ಕೆಳದವಡೆಯನ್ನು ಮುಂದಕ್ಕೆ ಎತ್ತಿ ಹಿಡಿಯುತ್ತಾರೆ. ಸಾಧನವು ಅದೇ ಕೆಲಸವನ್ನು ರಾತ್ರಿಯಿಡೀ ನಿಧಾನವಾಗಿ ಮಾಡುತ್ತದೆ.

ಬಗೆಗಳು

ದವಡೆ ಮುಂದೂಡುವ ಸಾಧನ: ಮೇಲಿನ ಮತ್ತು ಕೆಳಗಿನ ಹಲ್ಲುಸಾಲುಗಳಿಗೆ ಹೊಂದುವ ಅಚ್ಚುಗಳನ್ನು ಹೊಂದಿರುತ್ತದೆ. ಎರಡೂ ಅಚ್ಚುಗಳು ಒಂದೇ ತುಂಡಾಗಿ ಕೂಡಿದ್ದರೆ ಅದು ಏಕಖಂಡ ಸಾಧನ. ಬೇರೆ ಬೇರೆಯಾಗಿದ್ದು ತಿರುಪು, ಪಟ್ಟಿ ಅಥವಾ ರೆಕ್ಕೆಯಂತಹ ಭಾಗಗಳಿಂದ ಜೋಡಣೆಯಾಗಿದ್ದರೆ ದ್ವಿಖಂಡ ಸಾಧನ. ದ್ವಿಖಂಡ ಸಾಧನದಲ್ಲಿ ದವಡೆಯನ್ನು ಎಷ್ಟು ಮುಂದೂಡಬೇಕು ಎಂಬುದನ್ನು ಹಂತಹಂತವಾಗಿ ಬದಲಿಸಬಹುದು. ಬಾಯಿಯನ್ನು ಅಲ್ಪಸ್ವಲ್ಪ ತೆರೆಯಲೂ ಪಕ್ಕಕ್ಕೆ ಆಡಿಸಲೂ ಸಾಧ್ಯವಾಗುತ್ತದೆ.

ನಾಲಗೆ ಹಿಡಿಯುವ ಸಾಧನ: ಮೃದುವಾದ ಚಿಕ್ಕ ಬುರುಡೆಯಂತಹ ಭಾಗವು ತುಟಿಗಳ ಮುಂದೆ ಇರುತ್ತದೆ. ಬುರುಡೆಯನ್ನು ಒತ್ತಿ ನಾಲಗೆಯ ತುದಿಯನ್ನು ಒಳಗಿಟ್ಟರೆ ಹೀರಿಕೆಯಿಂದ ನಾಲಗೆ ಮುಂದೆ ನಿಲ್ಲುತ್ತದೆ. ಹಲ್ಲುಗಳ ಆಧಾರ ಬೇಡವಾದ್ದರಿಂದ ಹಲ್ಲಿಲ್ಲದವರಿಗೂ ಕೊಡಬಹುದು. ಆದರೆ ನಾಲಗೆ ನೋಯುವುದು ಮತ್ತು ಸಾಧನ ಕಳಚಿಕೊಳ್ಳುವುದು ಸಾಮಾನ್ಯವಾದ್ದರಿಂದ ಇದನ್ನು ನಿರಂತರವಾಗಿ ಬಳಸುವವರು ಕಡಿಮೆ.

ಬಿಸಿನೀರಿನಲ್ಲಿ ಮೆದುಗೊಳಿಸಿ ಕಚ್ಚುವ ಸಿದ್ಧ ಸಾಧನ: ಅಂಗಡಿಗಳಲ್ಲಿಯೂ ಆನ್‌ಲೈನ್ ಮಾರಾಟದಲ್ಲಿಯೂ ಗೊರಕೆ ನಿಲ್ಲಿಸುವ ವಸ್ತುವೆಂದು ದೊರೆಯುತ್ತದೆ. ಬೆಲೆ ಕಡಿಮೆ. ಆದರೆ ಹಲ್ಲುಗಳಿಗೆ ಸರಿಯಾಗಿ ಕೂರುವುದಿಲ್ಲ, ನಿದ್ರೆಯಲ್ಲಿ ಕಳಚುತ್ತದೆ, ದವಡೆಯ ಸ್ಥಾನವನ್ನು ನಿಖರವಾಗಿ ಹೊಂದಿಸಲು ಬರುವುದಿಲ್ಲ. ಅಳತೆ ತೆಗೆದು ಮಾಡಿಸಿದ ಸಾಧನಕ್ಕೆ ಹೋಲಿಸಿದರೆ ಇದರ ಫಲವೂ ಬಳಕೆಯೂ ಕಡಿಮೆಯೆಂದು ಅಧ್ಯಯನಗಳು ತೋರಿಸಿವೆ.

ಇತಿಹಾಸ

ಕೆಳದವಡೆಯನ್ನು ಮುಂದೆ ತಂದು ಉಸಿರಾಟ ಸುಗಮಗೊಳಿಸುವ ಆಲೋಚನೆ 20ನೆಯ ಶತಮಾನದ ಆರಂಭದ್ದು. ಚಿಕ್ಕ ದವಡೆಯಿಂದಾಗಿ ನಾಲಗೆ ಹಿಂದೆ ಬೀಳುವ ಮಕ್ಕಳಿಗಾಗಿ ಫ್ರಾನ್ಸಿನ ಪಿಯರ್ ರೋಬಿನ್ ಏಕಖಂಡ ಸಾಧನವನ್ನು ರೂಪಿಸಿದರು. ವಯಸ್ಕರ ನಿದ್ರಾ ಉಸಿರುಕಟ್ಟುವಿಕೆಗೆ ಆಗ ಹೆಸರೂ ಇರಲಿಲ್ಲ. ಈ ಕಾಯಿಲೆಯ ಅರಿವು ಸ್ಪಷ್ಟವಾದದ್ದು 1960ರ ದಶಕದ ನಂತರ.

1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಮತ್ತು ಸಹೋದ್ಯೋಗಿಗಳು ಮೂಗಿನ ಮೂಲಕ ಸತತ ಒತ್ತಡದ ಗಾಳಿ ನೀಡುವ ಸಿಪ್ಯಾಪ್ ವಿಧಾನವನ್ನು ಪ್ರಕಟಿಸಿದರು. ಮರುವರ್ಷ, 1982ರಲ್ಲಿ, ಅಮೆರಿಕದ ರೊಸಾಲಿಂಡ್ ಕಾರ್ಟ್‌ರೈಟ್ ಮತ್ತು ಚಾರ್ಲ್ಸ್ ಸ್ಯಾಮೆಲ್ಸನ್ ನಾಲಗೆ ಹಿಡಿಯುವ ಸಾಧನದ ಫಲಿತಾಂಶಗಳನ್ನು ವರದಿ ಮಾಡಿದರು. 1980ರ ದಶಕದಲ್ಲಿಯೇ ದವಡೆ ಮುಂದೂಡುವ ಸಾಧನಗಳ ಬಳಕೆಯೂ ಆರಂಭವಾಯಿತು. ಹೀಗೆ ಇಂದು ಬಳಕೆಯಲ್ಲಿರುವ ಎರಡು ಮುಖ್ಯ ಚಿಕಿತ್ಸೆಗಳು ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದವು.

ಭಾರತದಲ್ಲಿ ಈ ಕಾಯಿಲೆಯ ನಿರ್ವಹಣೆಗೆ ಇನೋಸಾ ಎಂಬ ಸಂಕ್ಷಿಪ್ತ ಹೆಸರಿನ ಮಾರ್ಗಸೂಚಿ 2014ರಲ್ಲಿ ಪ್ರಕಟವಾಯಿತು. 2015ರಲ್ಲಿ ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ ಮತ್ತು ದಂತ ನಿದ್ರಾ ವೈದ್ಯಕೀಯ ಅಕಾಡೆಮಿಗಳು ಜಂಟಿಯಾಗಿ ಬಾಯಿಯ ಸಾಧನಗಳ ಬಗ್ಗೆಯೇ ಮಾರ್ಗಸೂಚಿಯನ್ನು ಹೊರತಂದವು. ಸಿಪ್ಯಾಪ್ ಸಹಿಸಲಾಗದ ಅಥವಾ ಬೇರೆ ಚಿಕಿತ್ಸೆಯನ್ನು ಬಯಸುವ ವಯಸ್ಕರಿಗೆ ನಿದ್ರಾ ವೈದ್ಯರು ಸಾಧನವನ್ನು ಸೂಚಿಸಬಹುದು. ಅದು ಅಳತೆ ತೆಗೆದು ಮಾಡಿದ, ಹೊಂದಿಸಬಲ್ಲ ಸಾಧನವಾಗಿರಬೇಕು. ಅರ್ಹ ದಂತವೈದ್ಯರು ಅದನ್ನು ನೋಡಿಕೊಳ್ಳಬೇಕು. ಫಲವನ್ನು ನಿದ್ರಾ ಪರೀಕ್ಷೆಯಿಂದ ದೃಢಪಡಿಸಿಕೊಳ್ಳಬೇಕು ಎಂಬುದು ಅದರ ಸಾರ.

ಯಾರಿಗೆ ಸೂಕ್ತ

ಸೌಮ್ಯ ಮತ್ತು ಮಧ್ಯಮ ತೀವ್ರತೆಯ ಕಾಯಿಲೆಯುಳ್ಳವರು, ಕಾಯಿಲೆಯಿಲ್ಲದೆ ಬರೀ ಗೊರಕೆಯ ತೊಂದರೆಯುಳ್ಳವರು ಮತ್ತು ಸಿಪ್ಯಾಪ್ ಬಳಸಲಾಗದವರು ಈ ಸಾಧನಕ್ಕೆ ಅರ್ಹರು. ತೀವ್ರ ಕಾಯಿಲೆಯಲ್ಲಿ ಸಿಪ್ಯಾಪ್ ಮೊದಲ ಆಯ್ಕೆ. ಅದು ಸಾಧ್ಯವಾಗದೆ ಹೋದಾಗ ಚಿಕಿತ್ಸೆಯೇ ಇಲ್ಲದಿರುವುದಕ್ಕಿಂತ ಸಾಧನ ಮೇಲು ಎಂಬ ನೆಲೆಯಲ್ಲಿ ಇದನ್ನು ಕೊಡುತ್ತಾರೆ. ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರಲ್ಲಿ, ಬೊಜ್ಜು ಕಡಿಮೆಯಿರುವವರಲ್ಲಿ, ಕೆಳದವಡೆ ಸ್ವಾಭಾವಿಕವಾಗಿ ಹಿಂದಿರುವವರಲ್ಲಿ ಮತ್ತು ಹೆಂಗಸರಲ್ಲಿ ಫಲ ಹೆಚ್ಚಾಗಿ ಕಂಡುಬಂದಿದೆ. ಆದರೂ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಇದು ಫಲಿಸುವುದೋ ಇಲ್ಲವೋ ಎಂಬುದನ್ನು ಮೊದಲೇ ಖಚಿತವಾಗಿ ಹೇಳುವ ವಿಧಾನ ಇನ್ನೂ ಬಂದಿಲ್ಲ.

ದವಡೆ ಮುಂದೂಡುವ ಸಾಧನ ನಿಲ್ಲಲು ಪ್ರತಿ ಸಾಲಿನಲ್ಲಿಯೂ ಗಟ್ಟಿಯಾದ ಸಾಕಷ್ಟು ಹಲ್ಲುಗಳಿರಬೇಕು. ಸಾಮಾನ್ಯವಾಗಿ ಎಂಟು ಅಥವಾ ಹತ್ತು ಹಲ್ಲುಗಳನ್ನು ಅಪೇಕ್ಷಿಸುತ್ತಾರೆ. ಕೆಳದವಡೆಯನ್ನು ಕನಿಷ್ಠ 5 ಮಿಲಿಮೀಟರಿನಷ್ಟಾದರೂ ಮುಂದೆ ತರಲು ಬರಬೇಕು. ಅಲುಗಾಡುವ ಹಲ್ಲುಗಳು, ಕೀವು ಸೋರುವ ಒಸಡು, ದವಡೆ ಕೀಲಿನ ತೀವ್ರ ನೋವು ಇದ್ದರೆ ಮೊದಲು ಅವುಗಳಿಗೆ ಚಿಕಿತ್ಸೆಯಾಗಬೇಕು. ಗಂಟಲು ಮುಚ್ಚದೆಯೂ ಮೆದುಳಿನ ಸೂಚನೆ ತಪ್ಪುವುದರಿಂದಲೇ ಉಸಿರು ನಿಲ್ಲುವ ಇನ್ನೊಂದು ಬಗೆಯ ಕಾಯಿಲೆಗೆ ಈ ಸಾಧನದಿಂದ ಪ್ರಯೋಜನವಿಲ್ಲ.

ತಯಾರಿಕೆ ಮತ್ತು ಹೊಂದಾಣಿಕೆ

ದಂತವೈದ್ಯರು ಹಲ್ಲು, ಒಸಡು, ದವಡೆ ಕೀಲು ಮತ್ತು ಕಚ್ಚುವಿಕೆಯನ್ನು ಪರೀಕ್ಷಿಸಿ ದಾಖಲಿಸುತ್ತಾರೆ. ಹಲ್ಲುಸಾಲುಗಳ ಅಚ್ಚನ್ನು ಹಿಟ್ಟಿನಂತಹ ವಸ್ತುವಿನಿಂದ ಅಥವಾ ಸ್ಕ್ಯಾನರಿನಿಂದ ತೆಗೆದು, ದವಡೆ ಎಷ್ಟು ಮುಂದೆ ಬರುತ್ತದೆಂದು ಅಳೆದು, ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಸಾಧನವು ಅಕ್ರಿಲಿಕ್ ಅಥವಾ ನೈಲಾನ್‌ನಂತಹ ವಸ್ತುವಿನಿಂದ ಸಿದ್ಧವಾಗುತ್ತದೆ.

ಆರಂಭದಲ್ಲಿ ದವಡೆಯನ್ನು, ಅದು ಮುಂದೆ ಬರಬಲ್ಲ ಗರಿಷ್ಠ ದೂರದ ಸುಮಾರು ಅರ್ಧದಷ್ಟು ಮಾತ್ರ ಮುಂದೂಡುತ್ತಾರೆ. ದೇಹ ಒಗ್ಗಿಕೊಂಡಂತೆ, ವಾರಗಳ ಅಂತರದಲ್ಲಿ, ಒಂದು ಮಿಲಿಮೀಟರಿಗಿಂತ ಕಡಿಮೆಯ ಚಿಕ್ಕ ಹೆಜ್ಜೆಗಳಲ್ಲಿ ಮುಂದಕ್ಕೆ ಸರಿಸುತ್ತಾ ಹೋಗುತ್ತಾರೆ. ಲಕ್ಷಣಗಳು ಇಳಿದ ಮತ್ತು ನೋವಿಲ್ಲದ ಬಿಂದುವಿನಲ್ಲಿ ನಿಲ್ಲಿಸುತ್ತಾರೆ. ಈ ಹಂತಕ್ಕೆ ಕೆಲವು ವಾರಗಳಿಂದ ಕೆಲವು ತಿಂಗಳುಗಳು ಹಿಡಿಯುತ್ತವೆ. ಅನಂತರ ಸಾಧನ ಧರಿಸಿಯೇ ಮಲಗಿಸಿ ಮತ್ತೊಮ್ಮೆ ನಿದ್ರಾ ಪರೀಕ್ಷೆ ಮಾಡಬೇಕು.

ಈ ಎರಡನೆಯ ಪರೀಕ್ಷೆಯನ್ನೇ ಹೆಚ್ಚಿನವರು ಬಿಟ್ಟುಬಿಡುವ ಸಂಭವವಿದೆ. ಗೊರಕೆ ನಿಂತಿತು, ಮನೆಯವರು ನೆಮ್ಮದಿಯಿಂದ ಮಲಗಿದರು ಎಂದ ಮೇಲೆ ಮತ್ತೆ ಖರ್ಚು ಏಕೆ ಎಂದು ಅನಿಸುವುದು ಸಹಜ. ಆದರೆ ಗೊರಕೆಯೇ ಮನೆಯವರಿಗೆ ಕಾಯಿಲೆಯ ಸುಳಿವು ಕೊಡುತ್ತಿದ್ದ ಸದ್ದು. ಸಾಧನವು ಅಂಗುಳದ ಅದುರುವಿಕೆಯನ್ನು ಮಾತ್ರ ತಗ್ಗಿಸಿ, ಉಸಿರುಕಟ್ಟುವಿಕೆಯನ್ನು ಪೂರ್ತಿ ತಡೆಯದೆ ಹೋದರೆ, ಸುಳಿವು ಮರೆಯಾಗುತ್ತದೆ, ಕಾಯಿಲೆ ಉಳಿಯುತ್ತದೆ.

ಫಲ ಮತ್ತು ಸಿಪ್ಯಾಪ್‌ನೊಂದಿಗೆ ಹೋಲಿಕೆ

ಅಳತೆ ತೆಗೆದು ಮಾಡಿದ ಸಾಧನದಿಂದ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಲ್ಲಿ ಗಂಟೆಯ ಘಟನೆಗಳು 5ಕ್ಕಿಂತ ಕೆಳಗೆ ಇಳಿಯುತ್ತವೆ. ಇನ್ನೊಂದು ಮೂರನೆಯ ಭಾಗದಷ್ಟು ಜನರಲ್ಲಿ ಅವು ಅರ್ಧಕ್ಕಿಂತ ಹೆಚ್ಚು ಕಡಿಮೆಯಾದರೂ ಪೂರ್ತಿ ಹೋಗುವುದಿಲ್ಲ. ಉಳಿದವರಲ್ಲಿ ಸಾಕಷ್ಟು ಫಲ ಸಿಗುವುದಿಲ್ಲ.

ಘಟನೆಗಳನ್ನು ತಗ್ಗಿಸುವುದರಲ್ಲಿ ಸಿಪ್ಯಾಪ್ ಯಂತ್ರವೇ ಹೆಚ್ಚು ಸಮರ್ಥ. ಆದರೆ ಮುಖವಾಡ, ಕೊಳವೆ ಮತ್ತು ಗಾಳಿಯ ಒತ್ತಡಕ್ಕೆ ಒಗ್ಗದೆ ಅನೇಕರು ಅದನ್ನು ರಾತ್ರಿಯ ಕೆಲವು ಗಂಟೆ ಮಾತ್ರ ಧರಿಸುತ್ತಾರೆ ಅಥವಾ ಬಿಟ್ಟೇಬಿಡುತ್ತಾರೆ. ಸಾಧನವನ್ನು ಹೆಚ್ಚು ಗಂಟೆ ಧರಿಸುವುದು ಕಂಡುಬಂದಿದೆ. 2013ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ಹೋಲಿಕೆಯ ಅಧ್ಯಯನವೊಂದರಲ್ಲಿ ಒಂದು ತಿಂಗಳ ಬಳಕೆಯ ನಂತರ ರಕ್ತದೊತ್ತಡದ ಮೇಲಿನ ಪರಿಣಾಮದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಸಿಪ್ಯಾಪ್‌ನ ಹೆಚ್ಚಿನ ಸಾಮರ್ಥ್ಯವನ್ನು ಸಾಧನದ ಹೆಚ್ಚಿನ ಬಳಕೆ ಸರಿದೂಗಿಸಿತೆಂದು ಸಂಶೋಧಕರು ವಿವರಿಸಿದರು. ಹೀಗಾಗಿ ಯಾವುದು ಉತ್ತಮ ಎಂಬ ಪ್ರಶ್ನೆಗೆ ಉತ್ತರವು ಯಂತ್ರದ ಸಾಮರ್ಥ್ಯದ ಜೊತೆಗೆ, ರೋಗಿಯು ಅದನ್ನು ರಾತ್ರಿಯಿಡೀ ಬಳಸಬಲ್ಲನೇ ಎಂಬುದರ ಮೇಲೂ ನಿಂತಿದೆ.

ಅಡ್ಡಪರಿಣಾಮಗಳು

ಮೊದಲ ವಾರಗಳಲ್ಲಿ ಜೊಲ್ಲು ಹೆಚ್ಚು ಸುರಿಯುವುದು ಅಥವಾ ಬಾಯಿ ಒಣಗುವುದು, ಹಲ್ಲು ಮತ್ತು ಒಸಡಿನ ನೋವು, ದವಡೆಯ ಬಿಗಿತ ಕಾಣಿಸಿಕೊಳ್ಳುತ್ತವೆ. ಬೆಳಿಗ್ಗೆ ಸಾಧನ ತೆಗೆದಾಗ ಮೇಲಿನ ಕೆಳಗಿನ ಹಲ್ಲುಗಳು ಸರಿಯಾಗಿ ಕೂಡದಂತೆ ಅನಿಸುತ್ತದೆ. ದಂತವೈದ್ಯರು ತೋರಿಸಿಕೊಟ್ಟ ದವಡೆಯ ವ್ಯಾಯಾಮದಿಂದ ಇದು ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ವರ್ಷಗಟ್ಟಲೆ ಬಳಸಿದವರಲ್ಲಿ ಮೇಲಿನ ಮುಂದಿನ ಹಲ್ಲುಗಳು ತುಸು ಹಿಂದಕ್ಕೂ ಕೆಳಗಿನವು ತುಸು ಮುಂದಕ್ಕೂ ವಾಲುತ್ತವೆ. ಈ ಬದಲಾವಣೆ ನಿಧಾನವಾದುದು, ನೋವಿಲ್ಲದ್ದು. ಆದ್ದರಿಂದ ರೋಗಿಗೆ ತಿಳಿಯದೆಯೂ ಹೋಗಬಹುದು. ಮೊದಲ ವರ್ಷ ಕೆಲವು ಸಲ, ಬಳಿಕ ವರ್ಷಕ್ಕೊಮ್ಮೆಯಾದರೂ ದಂತವೈದ್ಯರಿಗೆ ತೋರಿಸಬೇಕೆಂಬ ಸೂಚನೆ ಇದಕ್ಕಾಗಿಯೇ ಇದೆ.

ನಿರ್ವಹಣೆ

ಪ್ರತಿದಿನ ಬೆಳಿಗ್ಗೆ ಸಾಧನವನ್ನು ತಣ್ಣೀರು, ಮೃದು ಬ್ರಷ್ ಮತ್ತು ಸೌಮ್ಯ ಸಾಬೂನಿನಿಂದ ತೊಳೆದು, ಒಣಗಿಸಿ, ಗಾಳಿಯಾಡುವ ಡಬ್ಬಿಯಲ್ಲಿ ಇಡಬೇಕು. ಕುದಿಯುವ ನೀರಿನಲ್ಲಿ ಹಾಕಿದರೆ ಅಥವಾ ಬಿಸಿಲಿನಲ್ಲಿ ನಿಂತ ವಾಹನದೊಳಗೆ ಬಿಟ್ಟರೆ ಸಾಧನದ ಆಕಾರ ಕೆಡಬಹುದು. ವಿಜಯಪುರ ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಲಾರಿಯ ಮುಂಭಾಗದ ಹಲಗೆಯ ಮೇಲೆ ಇದನ್ನು ಇಡುವುದು ಸಲ್ಲದು. ಮಲಗುವ ಮೊದಲು ಹಲ್ಲುಗಳನ್ನು ಉಜ್ಜದೆ ಸಾಧನ ಹಾಕಿಕೊಂಡರೆ ಆಹಾರದ ಕಣಗಳು ರಾತ್ರಿಯಿಡೀ ಹಲ್ಲಿಗೆ ಅಂಟಿ ಹುಳುಕು ಹಿಡಿಯುತ್ತದೆ. ಸಾಮಾನ್ಯವಾಗಿ ಕೆಲವು ವರ್ಷಗಳ ಬಳಿಕ ಸಾಧನ ಸವೆದು ಹೊಸದನ್ನು ಮಾಡಿಸಬೇಕಾಗುತ್ತದೆ.

ವಿಜಯಪುರ ಜಿಲ್ಲೆಯ ತಾಲ್ಲೂಕುಗಳಲ್ಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಇವು ಜಿಲ್ಲಾ ಕೇಂದ್ರದ ತಾಲ್ಲೂಕಿನೊಂದಿಗೆ ಸೇರಿ ಹಿಂದಿನ ಬಿಜಾಪುರ ಜಿಲ್ಲೆಯ ಐದು ತಾಲ್ಲೂಕುಗಳಾಗಿದ್ದವು. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲ್ಲೂಕುಗಳು ಇತ್ತೀಚೆಗೆ ರೂಪುಗೊಂಡವು. ವಿಜಯಪುರ ನಗರದಿಂದ ಬಸವನ ಬಾಗೇವಾಡಿ ಸುಮಾರು 45 ಕಿಲೋಮೀಟರ್, ಇಂಡಿ 55, ಸಿಂದಗಿ 60, ಮುದ್ದೇಬಿಹಾಳ 80 ಕಿಲೋಮೀಟರ್ ದೂರದಲ್ಲಿವೆ.

ಈ ಭಾಗದಲ್ಲಿ ಹಗಲಿನ ತೂಕಡಿಕೆಗೆ ಕಾರಣ ಹುಡುಕುವಾಗ ಜೀವನಕ್ರಮವನ್ನು ಗಮನಿಸಬೇಕಾಗುತ್ತದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ವಿದ್ಯುತ್ ರಾತ್ರಿ ಬಂದಾಗ ನಿಂಬೆ, ದ್ರಾಕ್ಷಿ, ಕಬ್ಬಿಗೆ ನೀರು ಹಾಯಿಸಲು ರೈತರು ಎದ್ದು ಹೋಗುತ್ತಾರೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ರಾತ್ರಿಯೆಲ್ಲಾ ಕಾರ್ಖಾನೆಗಳ ಕಡೆಗೆ ಸಾಗುತ್ತವೆ. ಸೊಲ್ಲಾಪುರ, ಹುಬ್ಬಳ್ಳಿ, ಹೊಸಪೇಟೆಗಳ ಹೆದ್ದಾರಿಗಳಲ್ಲಿ ಲಾರಿ ಚಾಲಕರ ದುಡಿಮೆಯೂ ರಾತ್ರಿಯದೇ. ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಕೆಲಸವಿದೆ. ಇಂತಹವರು ಹಗಲಿನಲ್ಲಿ ತೂಕಡಿಸಿದರೆ ಅದು ನಿದ್ದೆಗೇಡಿನಿಂದ ಎಂದೇ ಎಲ್ಲರೂ ತಿಳಿಯುತ್ತಾರೆ. ವ್ಯತ್ಯಾಸವನ್ನು ಗುರುತಿಸಲು ಸರಳ ದಾರಿಯೊಂದಿದೆ. ಕೆಲಸವಿಲ್ಲದ ದಿನಗಳಲ್ಲಿ ಏಳೆಂಟು ಗಂಟೆ ಮಲಗಿ ಎದ್ದರೂ ಆಯಾಸ ಕಳೆಯದಿದ್ದರೆ ಮತ್ತು ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವುದನ್ನು ಮನೆಯವರು ಕಂಡಿದ್ದರೆ ಉಸಿರುಕಟ್ಟುವಿಕೆಯನ್ನು ಶಂಕಿಸಬೇಕು. ಟ್ರ್ಯಾಕ್ಟರ್ ಅಥವಾ ಲಾರಿ ಓಡಿಸುವವರಲ್ಲಿ ಈ ಶಂಕೆಯನ್ನು ಮುಂದೂಡುವುದು ಅವರಿಗೂ ದಾರಿಹೋಕರಿಗೂ ಅಪಾಯಕರ.

ಈ ಪ್ರದೇಶದಲ್ಲಿ ಸಾಧನದ ಬಳಕೆಗೆ ಅಡ್ಡಬರುವ ಮುಖ್ಯ ಸಂಗತಿ ಅಡಿಕೆ, ಗುಟ್ಕಾ ಮತ್ತು ತಂಬಾಕಿನ ಅಗಿಯುವಿಕೆ. ಅಡಿಕೆಯ ನಿರಂತರ ಬಳಕೆಯಿಂದ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುತ್ತದೆ. ಬಾಯಿ ತೆರೆಯುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಮೂರು ಬೆರಳು ಹಿಡಿಯುವಷ್ಟು ತೆರೆಯಬೇಕಾದ ಬಾಯಿ ಒಂದೆರಡು ಬೆರಳಿಗೆ ಇಳಿದರೆ, ಹಲ್ಲಿನ ಅಚ್ಚು ತೆಗೆಯುವುದೂ ಸಾಧನ ಒಳಗಿಡುವುದೂ ಕಷ್ಟ. ಈ ನಾರುಗಟ್ಟುವಿಕೆ ಬಾಯಿಯ ಕ್ಯಾನ್ಸರಿಗೆ ದಾರಿಯಾಗಬಲ್ಲುದಾದ್ದರಿಂದ ಅದಕ್ಕೇ ಮೊದಲು ಚಿಕಿತ್ಸೆ ಬೇಕಾಗುತ್ತದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ಮಾರಾಟವನ್ನು ನಿಷೇಧಿಸಲಾಯಿತಾದರೂ ಅಡಿಕೆ ಮತ್ತು ತಂಬಾಕನ್ನು ಬೇರೆ ಬೇರೆಯಾಗಿ ಕೊಂಡು ಕೂಡಿಸಿ ಅಗಿಯುವ ರೂಢಿ ಉಳಿದಿದೆ.

ಹಲ್ಲು ಕಳೆದುಕೊಂಡ ಹಿರಿಯರ ಸಮಸ್ಯೆ ಬೇರೆ. ರಾಜ್ಯದ ದಂತ ಭಾಗ್ಯ ಯೋಜನೆಯಲ್ಲಿ ಬಡ ಹಿರಿಯ ನಾಗರಿಕರಿಗೆ ಕೃತಕ ದಂತಪಂಕ್ತಿ ಕೊಡಲಾಗುತ್ತದೆ. ಅದು ಅಗಿಯಲು ನೆರವಾಗುತ್ತದೆ. ಆದರೆ ದವಡೆಯನ್ನು ಮುಂದೂಡುವ ಬಲವನ್ನು ತಡೆದುಕೊಳ್ಳುವಷ್ಟು ಬಿಗಿಯಾಗಿ ಅದು ನಿಲ್ಲುವುದಿಲ್ಲ. ಇಂತಹವರಿಗೆ ನಾಲಗೆ ಹಿಡಿಯುವ ಸಾಧನ ಅಥವಾ ಸಿಪ್ಯಾಪ್ ಉಳಿದ ದಾರಿಗಳು.

ಮತ್ತೊಂದು ಬದಿಯಲ್ಲಿ, ಸಾಧನಕ್ಕೆ ಈ ಭಾಗದಲ್ಲಿ ವಿಶೇಷ ಅನುಕೂಲಗಳೂ ಇವೆ. ವಿದ್ಯುತ್ ಆಗಾಗ ಹೋಗುವ ಹಳ್ಳಿಗಳಲ್ಲಿ ಸಿಪ್ಯಾಪ್ ಯಂತ್ರ ರಾತ್ರಿಯ ನಡುವೆ ನಿಂತುಹೋಗುತ್ತದೆ. ಹೊಲದ ಗುಡಿಸಲಿನಲ್ಲಿ ಕಾವಲಿಗೆ ಮಲಗುವವರಿಗೆ, ಲಾರಿಯಲ್ಲಿಯೇ ಮಲಗುವವರಿಗೆ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಕೊಳ್ಳುವವರಿಗೆ ಡಬ್ಬಿಯಲ್ಲಿ ಹಿಡಿಯುವ ಸಾಧನವೇ ಸುಲಭ.

ಚಿಕಿತ್ಸೆಯ ಹಂತಗಳನ್ನು ಊರಿನಲ್ಲಿ ಆಗುವವು ಮತ್ತು ನಗರಕ್ಕೆ ಹೋಗಿ ಆಗಬೇಕಾದವು ಎಂದು ವಿಂಗಡಿಸಬಹುದು. ಪ್ರಶ್ನಾವಳಿಯಿಂದ ಶಂಕಿತರನ್ನು ಗುರುತಿಸುವುದು, ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆ, ಕೊರಳಿನ ಸುತ್ತಳತೆ ಮತ್ತು ತೂಕದ ದಾಖಲೆ, ಹುಳುಕು ಹಲ್ಲು ಮತ್ತು ಒಸಡಿನ ಚಿಕಿತ್ಸೆ ಇವು ತಾಲ್ಲೂಕು ಮಟ್ಟದಲ್ಲಿಯೇ ನಡೆಯಬಲ್ಲವು. ಸಾಧನ ಹೊಂದಿಸಿದ ಬಳಿಕ ಹಲ್ಲು ಮತ್ತು ದವಡೆಯ ವಾಡಿಕೆಯ ತಪಾಸಣೆಯನ್ನೂ ಹತ್ತಿರದ ದಂತವೈದ್ಯರು ಮಾಡಬಹುದು. ನಿದ್ರಾ ಪರೀಕ್ಷೆ ಮತ್ತು ಸಾಧನದ ತಯಾರಿಕೆಗೆ ದೊಡ್ಡ ಕೇಂದ್ರಗಳೇ ಬೇಕು. ವಿಜಯಪುರದಲ್ಲಿ ಬಿ.ಎಲ್.ಡಿ.ಇ. ವಿಶ್ವವಿದ್ಯಾಲಯದ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಮತ್ತು ಅಲ್-ಅಮೀನ್ ಸಂಸ್ಥೆಯ ವೈದ್ಯಕೀಯ ಹಾಗೂ ದಂತ ವೈದ್ಯಕೀಯ ಕಾಲೇಜುಗಳಿವೆ. ಮುದ್ದೇಬಿಹಾಳದ ಕಡೆಯವರಿಗೆ ಬಾಗಲಕೋಟೆಯೂ, ಸಿಂದಗಿಯ ಪೂರ್ವ ಭಾಗದವರಿಗೆ ಕಲಬುರಗಿಯೂ, ಇಂಡಿಯ ಉತ್ತರದವರಿಗೆ ಸೊಲ್ಲಾಪುರವೂ ಹತ್ತಿರದ ದೊಡ್ಡ ಊರುಗಳು. ಬಾಗಲಕೋಟೆ ಮತ್ತು ಕಲಬುರಗಿಗಳಲ್ಲಿಯೂ ದಂತ ವೈದ್ಯಕೀಯ ಕಾಲೇಜುಗಳಿವೆ. ಹೊರಡುವ ಮೊದಲು ನಿದ್ರಾ ಪರೀಕ್ಷೆಯ ಸೌಲಭ್ಯ, ದಿನ ಮತ್ತು ಶುಲ್ಕವನ್ನು ದೂರವಾಣಿಯಲ್ಲಿ ವಿಚಾರಿಸಿಕೊಂಡರೆ ವ್ಯರ್ಥ ಪ್ರಯಾಣ ತಪ್ಪುತ್ತದೆ. ಅಳತೆ, ಜೋಡಣೆ, ಹೊಂದಾಣಿಕೆ, ಮರುಪರೀಕ್ಷೆ ಎಂದು ಹಲವು ಸಲ ಹೋಗಿ ಬರಬೇಕಾಗುವುದರಿಂದ ಪ್ರಯಾಣ ಮತ್ತು ದಿನಗೂಲಿಯ ನಷ್ಟವನ್ನೂ ಚಿಕಿತ್ಸೆಯ ವೆಚ್ಚದಲ್ಲಿ ಸೇರಿಸಿ ಯೋಚಿಸಬೇಕು. ದುಡ್ಡು ಮತ್ತು ದಿನಗಳ ಲೆಕ್ಕದಲ್ಲಿ ಮರುಪರೀಕ್ಷೆಯ ಪ್ರಯಾಣವನ್ನು ಮೊದಲಿನಿಂದಲೇ ಎಣಿಸಿಟ್ಟವರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವ ಸಂದರ್ಭ ಕಡಿಮೆ.

ಪೂರಕ ಕ್ರಮಗಳು

ಸಾಧನದ ಜೊತೆಗೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಮೂಗು ಕಟ್ಟುವಿಕೆಗೆ ಚಿಕಿತ್ಸೆ ಪಡೆಯುವುದು ನೆರವಾಗುತ್ತವೆ. ಮದ್ಯ ಮತ್ತು ನಿದ್ರೆ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸುವುದರಿಂದ ಕಾಯಿಲೆ ಹೆಚ್ಚುತ್ತದೆ; ನಿದ್ದೆ ಸರಿಯಾಗಿಲ್ಲವೆಂದು ವೈದ್ಯರನ್ನು ಕೇಳದೆ ಮಾತ್ರೆ ನುಂಗುವುದು ಇಂತಹವರಿಗೆ ಅಪಾಯಕಾರಿ. ಶಸ್ತ್ರಚಿಕಿತ್ಸೆಗೆ ಒಳಗಾಗುವವರು ತಮಗೆ ಈ ಕಾಯಿಲೆ ಇರುವುದನ್ನು ಅರಿವಳಿಕೆ ತಜ್ಞರಿಗೆ ಮುಂಚಿತವಾಗಿ ತಿಳಿಸಬೇಕು. ತೂಕ ಗಣನೀಯವಾಗಿ ಹೆಚ್ಚಿದರೆ, ಹಲ್ಲು ಬಿದ್ದು ಸಾಧನ ಸಡಿಲವಾದರೆ ಅಥವಾ ಹಗಲಿನ ತೂಕಡಿಕೆ ಮರುಕಳಿಸಿದರೆ, ಸಾಧನ ಧರಿಸಿರುವಂತೆಯೇ ನಿದ್ರಾ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕಾಗುತ್ತದೆ.